ಬಿಳಿ ಮಂಡಕ್ಕಿಯ ಮಾವ

ನಮ್ಮ ಸೋದರಮಾವನಿಗೆ ನಾಲಿಗೆಯೇ ಇಲ್ಲವೆಂದು ಅರ್ಧ ದಾವಣಗೆರೆ ನಂಬಿತ್ತು. ಮಾತಿನ ನಾಲಿಗೆಯಲ್ಲ, ಅದು ಮೊಳದುದ್ದ ಇತ್ತು, ರುಚಿಯ ನಾಲಿಗೆ. ಇಲ್ಲದಿದ್ದರೆ, ಕೆಂಪನೆಯ ಖಾರ ಮಂಡಕ್ಕಿಗೆ ಹೆಸರಾದ ಊರಲ್ಲಿ ಹುಟ್ಟಿ, ಪಕ್ಕದಲ್ಲೇ ಮೆಣಸಿನಕಾಯಿ ಬಜ್ಜಿ ಬೇಯುತ್ತಿರುವಾಗ, ಬರೀ ಬಿಳಿ ಮಂಡಕ್ಕಿಯನ್ನು ಕಣ್ಣು ಮುಚ್ಚಿ ಸವಿಯುವವನನ್ನು ಏನನ್ನಬೇಕು? ಒಗ್ಗರಣೆ ಇಲ್ಲ, ಈರುಳ್ಳಿ ಇಲ್ಲ, ಎಣ್ಣೆಯ ಪಸೆಯೂ ಇಲ್ಲ!

“ಖಾರ ಯಾಕ ಹಾಕ್ತಾರೆ ಗೊತ್ತೇನು?” ಎಂದು ಕೇಳುತ್ತಿದ್ದ. “ಮಂಡಕ್ಕಿ ಮೆತ್ತಗಾಗಿದ್ದು ಗೊತ್ತಾಗಬಾರ್ದು ಅಂತ. ಬಿಳೇದಕ್ಕೆ ಮುಚ್ಚಿಕೊಳ್ಳಾಕೆ ಏನೂ ಇಲ್ಲ.”

ತಿನ್ನುವುದಕ್ಕೂ ಕ್ರಮವಿತ್ತು. ಮೊದಲು ಒಂದು ಕಾಳನ್ನು ಬೆಳಕಿಗೆ ಹಿಡಿದು ನೋಡಬೇಕು. ಆಮೇಲೆ ಕಿವಿಯ ಹತ್ತಿರ ಹಿಸುಕಿ ಸಪ್ಪಳ ಕೇಳಬೇಕು. ಬಾಯಿಗೆ ಹಾಕುವುದು ಕೊನೆಗೆ. ಅಷ್ಟರಲ್ಲಿ ನಾವೆಲ್ಲ ಒಂದು ಸೇರು ಮುಗಿಸಿರುತ್ತಿದ್ದೆವು.

ಬೆಳಗಾದರೆ ಮಂಡಕ್ಕಿ ಭಟ್ಟಿಗೆ ಹೋಗಿ, ಕಾದ ಮರಳಿನಿಂದ ಆಗತಾನೇ ಜರಡಿ ಹಿಡಿದದ್ದನ್ನು ಪರೀಕ್ಷೆ ಮಾಡುತ್ತ ಕೂರುತ್ತಿದ್ದ. ಭಟ್ಟಿಯ ಸಾಬರಿಗೆ ಇವನೆಂದರೆ ಪ್ರೀತಿ, ಜೊತೆಗೆ ತಲೆನೋವು.

“ಹೆಂಗೈತ್ರಿ ಇವತ್ತಿಂದು?” ಎಂದು ಸಾಬರು ಕೇಳಿದರೆ ಮಾವ, “ಉಪ್ಪುನೀರು ಒಂದು ಹನಿ ಜಾಸ್ತಿ ಆಗೈತೆ ಸಾಬ್ರೆ. ಭತ್ತ ಕೊಕ್ಕನೂರಿಂದು” ಅನ್ನುವನು.

“ಮಲೆಬೆನ್ನೂರಿಂದ ನಾನೇ ಹೋಗಿ ತಂದೀನ್ರಿ.”

“ಹಂಗಾದ್ರೆ ಮಲೆಬೆನ್ನೂರಿನೋರು ಕೊಕ್ಕನೂರಿಂದ ತಂದಿರ್ತಾರೆ ಬಿಡ್ರಿ.”

ಸೋಲುವ ಪೈಕಿಯೇ ಅಲ್ಲ! ವಿನೋಬನಗರದ ಒಂದು ಮದುವೆ ಮನೆಯಲ್ಲಿ, ತುಂಬಿದ ಪಂಕ್ತಿಯಲ್ಲಿ, ಬೀಗರಿಗೇ ಹೇಳಿದ್ದ: “ಮಂಡಕ್ಕಿ ಅಗಿದ್ರೆ ಸಪ್ಪಳ ಬರಬೇಕ್ರಿ. ನಿಮ್ಮದು ಮೌನವ್ರತ ಹಿಡಿದೈತೆ.” ಅವತ್ತಿನಿಂದ ಆ ಮನೆಯವರೂ ನಮ್ಮ ಪಾಲಿಗೆ ಮೌನವ್ರತ ಹಿಡಿದರು.

ಇಂಥವನನ್ನು ಮುಂದಿಟ್ಟುಕೊಂಡು ನಾನು ಹರಿಹರಕ್ಕೆ ಹೆಣ್ಣು ನೋಡಲು ಹೋಗಬೇಕಾಯಿತು. ಅಪ್ಪ ತೀರಿಕೊಂಡಿದ್ದರಿಂದ ಹಿರಿಯನ ಜಾಗದಲ್ಲಿ ಮಾವನೇ ಕೂರಬೇಕು. ಅವನು ಹೂಂ ಅಂದರೆ ಮದುವೆ, ಇಲ್ಲವಾದರೆ ಇಲ್ಲ. “ಬಾಯಿ ಬಿಗಿ ಹಿಡಿಯೋ ತಮ್ಮ” ಎಂದು ಅವ್ವ ಬಸ್ಸಿನುದ್ದಕ್ಕೂ ಬೇಡಿಕೊಂಡಳು.

ಹುಡುಗಿ ಬಂದಳು. ನೋಡಿದೆ. ಅಷ್ಟೇ, ನನ್ನ ಕಥೆ ಮುಗಿಯಿತು! ಬೆಲ್‌ಬಾಟಂ ಪ್ಯಾಂಟಿನ ಇಸ್ತ್ರಿಯ ಗೆರೆಯನ್ನು ಮತ್ತೆ ಮತ್ತೆ ನೇರ ಮಾಡಿಕೊಂಡೆ. ಆದರೆ ಅವಳ ಕೈಯಲ್ಲಿದ್ದದ್ದು ಕೆಂಪಗೆ ಹೊಳೆಯುವ ಖಾರ ಮಂಡಕ್ಕಿಯ ತಟ್ಟೆ.

ಮಾವ ತಟ್ಟೆ ಸರಿಸಿದ. “ಬರೀ ಬಿಳೇದು ಐತೇನ್ರಿ?”

ಹುಡುಗಿಯ ಅಪ್ಪನ ಮುಖ ಬಿಗಿಯಿತು. “ಬೀಗರಿಗೆ ಬರೀ ಮಂಡಕ್ಕಿ ಕೊಡೋವಷ್ಟು ಬಡವರೇನ್ರಿ ನಾವು?”

ಅವ್ವ ಸೆರಗಿನಿಂದ ಬೆವರು ಒರೆಸಿಕೊಂಡಳು. ಹುಡುಗಿ ಸುಮ್ಮನೆ ಒಳಗೆ ಹೋಗಿ, ಡಬ್ಬಿಯ ತಳದಲ್ಲಿದ್ದಷ್ಟನ್ನು ಬಟ್ಟಲಿಗೆ ಸುರಿದು ತಂದಿಟ್ಟಳು. ಮಾವ ಒಂದು ಕಾಳು ಎತ್ತಿ ಕಿವಿಯ ಹತ್ತಿರ ಹಿಸುಕಿದ. ಮತ್ತೊಮ್ಮೆ ಹಿಸುಕಿದ. ಪಕ್ಕದಲ್ಲೇ ಕೂತಿದ್ದ ನನಗೂ ಸಪ್ಪಳ ಕೇಳಿಸಲಿಲ್ಲ. ನಂತರ ಬಾಯಿಗೆ ಹಾಕಿ ನಿಧಾನವಾಗಿ ಅಗಿದ.

“ಭೇಷ್ ಐತ್ರಿ” ಅಂದ. “ಹರಿಹರದಾಗೆ ಇಂಥಾದ್ದು ಸಿಗ್ತೈತೆ ಅಂತ ಗೊತ್ತಿರಲಿಲ್ಲ.”

ಬಟ್ಟಲು ಖಾಲಿ ಮಾಡಿದ. ಹುಡುಗಿಯ ಅಪ್ಪ ನಕ್ಕರು, ಅವ್ವ ಉಸಿರು ಬಿಟ್ಟಳು, ತಾಂಬೂಲ ಬಂತು.

ವಾಪಸು ಬಸ್ಸಿನಲ್ಲಿ ಮಾವನ ಪಕ್ಕ ಕೂತಿದ್ದೆ. “ಅಷ್ಟು ಚೆನ್ನಾಗಿತ್ತಾ ಮಾವ?” ಎಂದು ಕೇಳಿದೆ.

“ಒದ್ದೆ ಬಟ್ಟೆ ಅಗಿದಂಗಿತ್ತು” ಅಂದ, ಕಿಟಕಿಯಾಚೆ ನೋಡುತ್ತ.

“ಮತ್ತೆ ಯಾಕ ಹಂಗಂದೆ?”

“ನಿನ್ನ ಮಾರಿ ನೋಡಿದೆ. ಮಂಡಕ್ಕಿ ನಾಳೆ ಬ್ಯಾರೇದು ಸಿಗ್ತೈತೆ.”

ಮದುವೆ ಮನೆಯ ಬೀಗರಿಗೂ ಭಟ್ಟಿಯ ಸಾಬರಿಗೂ ಒಂದೂ ಸುಳ್ಳು ಹೇಳದವನು ನನಗಾಗಿ ಬಟ್ಟಲು ತುಂಬ ಸುಳ್ಳು ತಿಂದಿದ್ದ. “ಇವರ ಮಾವ ಮೆಚ್ಚಿದ್ದು ನಮ್ಮ ತವರುಮನೆ ಮಂಡಕ್ಕೀನ ಮಾತ್ರ” ಎಂದು ನನ್ನ ಹೆಂಡತಿ ಇವತ್ತಿಗೂ ಬಂದವರಿಗೆಲ್ಲ ಹೇಳುತ್ತಾಳೆ. ನಾನು ಹೌದೆಂದು ತಲೆಯಾಡಿಸುತ್ತೇನೆ.