ತಿಪ್ಪೆ ಪಕ್ಕದ ಮಣ್ಣು

ನಮ್ಮ ಸೋದರತ್ತೆ ಮಣ್ಣು ತಿನ್ನುತ್ತಾಳೆ. ಅದಕ್ಕೆ ಅವಳಿಗೆ ಸಂಬಳವೂ ಬರುತ್ತದೆ! ತಿನ್ನುವುದೆಂದರೆ ಹೊಟ್ಟೆಗಲ್ಲ, ಚಿಟಿಕೆ ಮಣ್ಣನ್ನು ನಾಲಿಗೆಯ ತುದಿಗಿಟ್ಟು, ಉಪ್ಪಿನಂಶ ನೋಡಿ ಉಗಿಯುತ್ತಾಳೆ. ಲ್ಯಾಬಿನಲ್ಲಿ ಮೆಷಿನ್ ಇಲ್ಲವೇ ಅಂದರೆ, "ಅದು ನಾಳೆ ಉತ್ರ ಕೊಡ್ತದೆ ಕಣಮ್ಮಿ, ನಂಗೆ ಈಗ್ಲೇ ಬೇಕು" ಅನ್ನುತ್ತಾಳೆ.

ಅಪ್ಪನ ತಂಗಿ ಈಕೆ. ಮಣ್ಣಿನ ವಿಜ್ಞಾನವನ್ನೇ ಓದಿ ಚಾಮರಾಜನಗರದಲ್ಲಿ ಮಣ್ಣು ಪರೀಕ್ಷೆ ಮಾಡುವ ಕೆಲಸದಲ್ಲಿದ್ದಾಳೆ. ಮದುವೆಗೆ ಮುಂಚೆ ಗುಂಡ್ಲುಪೇಟೆಗೆ ಗಂಡಿನ ಮನೆ ನೋಡಲು ಹೊರಟಾಗ ಹಟ ಮಾಡಿ ತಾನೂ ಬಂದಳು. ಹಿರಿಯರೆಲ್ಲ ಒಳಗೆ ಉಪ್ಪಿಟ್ಟು ತಿನ್ನುತ್ತಿದ್ದರೆ ಇವಳು ಹಿತ್ತಲಲ್ಲಿ ಬಾಳೆಯ ಬುಡ ಕೆದಕುತ್ತಿದ್ದಳು. "ಮಣ್ಣು ಫೇಲು, ಹುಡುಗ ಪಾಸು" ಎಂದು ಮಾವ ಈಗಲೂ ಹೇಳಿಕೊಂಡು ನಗುತ್ತಾರೆ.

ಪರೀಕ್ಷೆಗೆ ಮಣ್ಣು ತೆಗೆಯುವವರು ಹೊಲದ ತುಂಬ ಅಡ್ಡಾದಿಡ್ಡಿ ನಡೆಯಬೇಕಂತೆ. ಅಲ್ಲಲ್ಲಿ ಗುಂಡಿ ತೋಡಿ, ಎಲ್ಲ ಮಣ್ಣನ್ನೂ ಬೆರೆಸಬೇಕಂತೆ. ಅತ್ತೆ ಹಾಗೆ ನಡೆಯುವುದನ್ನು ಕಂಡು ಪಕ್ಕದೂರು ಉಮ್ಮತ್ತೂರಿನವರು ಏನೇನು ಅಂದುಕೊಂಡರೋ! ಆದರೆ ನಮ್ಮ ರೈತರು ಮಾಡುವುದೇ ಬೇರೆ. ಹೆಣ್ಣು ತೋರಿಸುವಾಗ ಒಳ್ಳೆಯ ಸೀರೆ ಉಡಿಸಿದ ಹಾಗೆ, ಇರುವುದರಲ್ಲೇ ಚೆಂದದ ಮಣ್ಣನ್ನು ಆರಿಸಿ ಕೊಡುತ್ತಾರೆ. ತಮ್ಮ ಹೊಲ ನಾಲ್ಕು ಜನರೆದುರು ಫೇಲಾಗಬಾರದಲ್ಲ?

ಅಪ್ಪನೂ ಅದನ್ನೇ ಮಾಡಿದ. ನಮ್ಮ ಕೆಳಗಿನ ಹೊಲದ ಅರಿಸಿನ ವರ್ಷದಿಂದ ವರ್ಷಕ್ಕೆ ಎಲೆ ಹಳದಿ ತಿರುಗಿ ಸೊರಗುತ್ತಿತ್ತು. ಮಣ್ಣು ನೋಡಲೆಂದೇ ಊರಿಗೆ ಬಂದ ಅತ್ತೆಯನ್ನು ಬದುವಿನ ಬೇವಿನ ಮರದಡಿ ಕೂರಿಸಿ, ತಾನೇ ಒಂದು ಚೀಲ ಮಣ್ಣು ತಂದುಕೊಟ್ಟ. ಅತ್ತೆ ಮೂಸಿದಳಷ್ಟೆ.

"ಅಣ್ಣ, ಇದು ತಿಪ್ಪೆ ಪಕ್ಕದ್ದು."

ನನಗೆ ನಗು ಬಂತು. ಅಪ್ಪನ ಮುಖ ನೋಡಿ ನುಂಗಿಕೊಂಡೆ.

"ನಮ್ಮಪ್ಪ ಉತ್ತ ಒಲ ಕಣಮ್ಮಿ ಅದು. ಕೆಟ್ಟೋಗದೆ ಅಂತ ನೀನೇ ಏಳ್ಬುಟ್ರೆ, ನಾಳಿಂದ ಅದ್ರೊಳಕ್ಕೆ ಎಂಗ್ ಕಾಲಿಡ್ಲಿ ನಾನು?" ಅಂದ ಅಪ್ಪ.

ಅತ್ತೆ ಚೀಲವನ್ನು ಪಕ್ಕಕ್ಕಿಟ್ಟಳು. ಆಮೇಲೆ, "ಕೆಟ್ಟಿಲ್ಲ ಕಣಣ್ಣ, ದಣಿದದೆ" ಅಂದಳು. "ನಾನು ಓದಿ ಮುಗ್ಸೋಗಂಟ ಒಂದ್ ವರ್ಸನಾದ್ರೂ ಅದನ್ನ ಬೀಳು ಬುಟ್ಟಿದ್ಯಾ ನೀನು? ಬೆಳೆ ಮ್ಯಾಲೆ ಬೆಳೆ ತಗ್ದು ನನ್ನ ಕಾಲೇಜಿಗೆ ಕಳಿಸ್ದೆ. ಈಗ ಅದ್ಕೇನು ಬೇಕು ಅಂತ ನಾನೇ ಕೇಳ್ಬೇಕಲ್ವಾ? ಸರಿಯಾದ್ ಮಣ್ಣು ತಂದ್ಕೊಡಣ್ಣ."

ಅಪ್ಪ ಗುದ್ದಲಿ ಹಿಡಿದು ಎದ್ದ. ಸೊರಗಿದ ಅರಿಸಿನದ ನಡುವೆ, ತಂಗಿ ನಡೆಯುತ್ತಿದ್ದ ಹಾಗೆಯೇ, ಅಡ್ಡಾದಿಡ್ಡಿ ನಡೆಯತೊಡಗಿದ. ಅಲ್ಲಲ್ಲಿ ಬಗ್ಗಿ ಅಗೆದ ಮಣ್ಣನ್ನು ತನ್ನ ಟವೆಲಿನಲ್ಲಿ ಕಟ್ಟಿ ತಂದು ಅವಳ ಮಡಿಲಿಗಿಟ್ಟ.

ಅತ್ತೆ ಗಂಟು ಬಿಚ್ಚಿ, ಎಂದಿನಂತೆ ಚಿಟಿಕೆ ಮಣ್ಣನ್ನು ನಾಲಿಗೆಗಿಟ್ಟುಕೊಂಡಳು. ಉಗಿಯಲಿಲ್ಲ.