ಬಸ್ಸಿನಲ್ಲಿ ಕಲಿತ ಮೇಸ್ತ್ರಿ

ನಿಂತಿರುವ ಮನುಷ್ಯ ಏನನ್ನೂ ಕಲಿಯುವುದಿಲ್ಲ ಎಂಬುದು 2008ರಲ್ಲಿ ಮಣಿಪಾಲದ ಸಂಚಾರಿ ಕಾರ್ಮಿಕ ತರಬೇತಿ ಕೇಂದ್ರದಲ್ಲಿ ಸರ್ವಾನುಮತದಿಂದ ತೀರ್ಮಾನವಾಯಿತು. ಸಭೆಯಲ್ಲಿದ್ದವರೆಲ್ಲ ಕುಳಿತಿದ್ದುದರಿಂದ ಯಾರ ಆಕ್ಷೇಪವೂ ಇರಲಿಲ್ಲ.

ಕೇಂದ್ರವು ಕಟ್ಟಡ ಕಾರ್ಮಿಕರಿಗೆ ಹಂಚಿದ ಮೊಬೈಲಿನಲ್ಲಿ ಒಂದು ಸಾಫ್ಟ್‌ವೇರ್ ಇತ್ತು. ಕೆಲಸ ಮಾಡುತ್ತಲೇ ಪಾಠ ಕೇಳಬಹುದು. ಕಲಿಯುವವರ ಯೋಗ್ಯತೆಗೆ ತಕ್ಕಂತೆ ಪಾಠ ತಾನೇ ಮೇಲೇರುತ್ತದೆ, ಕೆಳಗಿಳಿಯುತ್ತದೆ. ಯೋಗ್ಯತೆಯನ್ನು ಅಳೆಯುವುದು ಅಲುಗಾಟದಿಂದ. ಮೊಬೈಲು ಅಲುಗಿದರೆ ಕಾರ್ಮಿಕ ಕಲಿಯುತ್ತಿದ್ದಾನೆ. ಅಲುಗದಿದ್ದರೆ ನಿದ್ದೆ ಹೋಗಿದ್ದಾನೆ, ಕಲಿತದ್ದನ್ನೂ ಮರೆಯುತ್ತಿದ್ದಾನೆ. ನಿಯಮ ಸರಳವಾಗಿತ್ತು: ಒಂದು ಮನೆಗೆ ಒಬ್ಬರೇ ಮೇಸ್ತ್ರಿ, ಪಾಠದಲ್ಲಿ ಮುಂದಿರುವವರ ಕೈಗೆ ಗಾರೆಯ ಕರಣೆ, ಹಿಂದಿರುವವರ ತಲೆಗೆ ಬುಟ್ಟಿ.

ಶಿರ್ವದಲ್ಲಿ ದುಬೈಯ ಜೋಕಿಮ್ ಅವರ ಮನೆ ಏಳುತ್ತಿತ್ತು. ಕೊಪ್ಪಳದ ಕಡೆಯ ಮಾನಪ್ಪ ಕಲ್ಲು ಕಟ್ಟುತ್ತಿದ್ದ, ಅವನ ಹೆಂಡತಿ ಭಾಗವ್ವ ಗಾರೆ ಹೊರುತ್ತಿದ್ದಳು. ಅವಳಿಗೋ ಕಲ್ಲು ಕಟ್ಟುವ ಆಸೆ ಜೀವದಷ್ಟು. ಮಾನಪ್ಪ ಚಹಾಕ್ಕೆ ಹೋದಾಗಲೆಲ್ಲ ಅವಳು ಕಟ್ಟಿದ ಗೋಡೆ ನೆಟ್ಟಗೇ ಇತ್ತು. ಆದರೆ ಹೆಂಗಸರಿಗೆ ಕರಣೆ ಕೊಡುವ ಪದ್ಧತಿ ಎಲ್ಲೂ ಇರಲಿಲ್ಲ.

ಪದ್ಧತಿಯನ್ನು ಮುರಿದದ್ದು ಸಾಫ್ಟ್‌ವೇರು. ಮಾನಪ್ಪ ಒಂದು ಕಣ್ಣು ಮುಚ್ಚಿ, ದಾರ ಹಿಡಿದು ಗೋಡೆ ನೋಡುತ್ತ ನಿಂತಲ್ಲೇ ನಿಂತಿದ್ದ. ಅವನ ಮೊಬೈಲು, “ದಯವಿಟ್ಟು ಏಳಿರಿ. ಪಾಠ ಒಂದು: ಕಲ್ಲು ಎಂದರೇನು?” ಎಂದಿತು. ತನ್ನ ಮೊಬೈಲನ್ನು ಸೊಂಟಕ್ಕೆ ಸಿಕ್ಕಿಸಿ, ಬುಟ್ಟಿ ಹೊತ್ತು ಏಣಿ ಹತ್ತಿ ಇಳಿಯುತ್ತಿದ್ದ ಭಾಗವ್ವ ವಾರದೊಳಗೆ ಮೇಸ್ತ್ರಿಯಾದಳು. ಕೇಂದ್ರದ ಅಧಿಕಾರಿ ಝೀಟಾ ಸ್ವತಃ ಬಂದು ಗಂಡನ ಕರಣೆಯನ್ನು ಹೆಂಡತಿಗೆ ಹಸ್ತಾಂತರಿಸಿದರು. ಭಾಗವ್ವನಿಗಾದ ಸಂತೋಷ ಅಷ್ಟಿಷ್ಟಲ್ಲ. ಅವತ್ತು ಅವಳು ಊಟಕ್ಕೂ ಗೋಡೆ ಬಿಟ್ಟು ಇಳಿಯಲಿಲ್ಲ.

ಇಳಿಯದಿದ್ದದ್ದೇ ತಪ್ಪಾಯಿತು. ಮರುವಾರ ಬುಟ್ಟಿ ಹೊತ್ತ ಮಾನಪ್ಪ ಮುಂದಿದ್ದ, ಭಾಗವ್ವನಿಗೆ ಕಲ್ಲು ಎಂದರೇನೆಂದು ಕೇಳಲಾಗುತ್ತಿತ್ತು. ಝೀಟಾ ಕರಣೆ ವಾಪಸು ಕೇಳಿದರು.

“ಕಲ್ಲ ಇಡಬೇಕಂದ್ರ ನಿಂದರಬೇಕಲ್ರೀ ಮೇಡಮ್ಮಾರ,” ಎಂದಳು ಭಾಗವ್ವ. “ಓಡಿಕೋತ ಗ್ವಾಡಿ ಕಟ್ಟಾಕ ಬರ್ತೈತೇನ್ರಿ?”

“ನೀವು ಹೇಳುವುದು ಸರಿ ಉಂಟು ಭಾಗವ್ವ. ಆದರೆ ನಿಂತವರು ಎಚ್ಚರ ಇದ್ದಾರೆ ಎಂದು ಹೇಳಲಿಕ್ಕೆ ನನಗೆ ಅಧಿಕಾರ ಇಲ್ಲ ಅಲ್ವಾ?”

“ಹಂಗಾರ ಫೋನ್ ಅಷ್ಟ ಅಲುಗಿದ್ರ ಸಾಕೇನ್ರಿ?”

ಝೀಟಾ ಸ್ವಲ್ಪ ಯೋಚಿಸಿ, ಕಾರ್ಮಿಕರೂ ಜೊತೆಗೆ ಅಲುಗಬೇಕೆಂದು ನಿಯಮದಲ್ಲಿ ಎಲ್ಲೂ ಇಲ್ಲ ಎಂದರು.

ಮರುದಿನ ಭಾಗವ್ವ ಕಾರ್ಕಳದಿಂದ ಶಿರ್ವದ ಮೇಲೆ ಕಾಪುವಿಗೆ ಹೋಗುವ ಬಸ್ಸನ್ನು ನಿಲ್ಲಿಸಿ, ಕಂಡಕ್ಟರ್ ರಾಝಿಕ್‌ನ ಕೈಗೆ ಮೊಬೈಲು ಕೊಟ್ಟಳು.

“ಎಂತ ಅಕ್ಕ ಇದು? ಯಾರಿಗೆ ಕೊಡಬೇಕು?”

“ಯಾರಿಗೂ ಬ್ಯಾಡಪ್ಪಾ. ಹಿಂದಿನ ಸೀಟಿನ್ಯಾಗ ಕುಂದ್ರಸು, ಸಂಜಿಗೆ ತಂದು ಕೊಡು.”

“ಸೀಟಲ್ಲಿ ಕೂತರೆ ಟಿಕೆಟ್ ಉಂಟು. ನನ್ನ ಬ್ಯಾಗಲ್ಲಿ ನೇತಾಡಿದರೆ ಆಗಬಹುದಾ?”

ಆಗಬಹುದಿತ್ತು. ನಮ್ಮ ಕಡೆಯ ಬಸ್ಸು, ಮುಂದಿನ ಬಸ್ಸನ್ನು ಓವರ್‌ಟೇಕ್ ಮಾಡುವ ಅದರ ಆತುರ, ರಸ್ತೆಯ ಹೊಂಡ ಇವೆಲ್ಲ ಸೇರಿ ಕೊಡುವ ಶಿಕ್ಷಣ ಯಾವ ಕಾಲೇಜಿನಲ್ಲೂ ಸಿಗುವುದಿಲ್ಲ. ಕಾಪು ಮುಟ್ಟುವಷ್ಟರಲ್ಲಿ ಭಾಗವ್ವ ಮೇಸ್ತ್ರಿಯಾಗಿದ್ದಳು. ಶಿರ್ವದಲ್ಲಿ ಅವಳು ನಿಶ್ಚಿಂತೆಯಾಗಿ ನಿಂತು ಕಲ್ಲು ಕಟ್ಟುತ್ತಿದ್ದಳು. ಮಾನಪ್ಪನೂ ತನ್ನ ಫೋನನ್ನು ಬಸ್ಸಿಗೆ ಹತ್ತಿಸಬಹುದಿತ್ತು. ಹತ್ತಿಸಲಿಲ್ಲ. “ಆಕಿ ಕೈ ಚಲೋ ಐತ್ರಿ,” ಎಂದು ಬುಟ್ಟಿಯನ್ನು ತಲೆಗೇರಿಸಿಕೊಂಡ.

ಕೇಂದ್ರವೂ ಸಂತೋಷಪಟ್ಟು ಪ್ರಕಟಣೆ ಹೊರಡಿಸಿತು: “ಸದರಿ ಬಸ್ಸನ್ನು ಅಧಿಕೃತ ತರಗತಿಯೆಂದು ಘೋಷಿಸಲಾಗಿದೆ. ಬಸ್ಸು ಓಡದ ದಿನ ಅದರಲ್ಲಿ ಕಲಿತವರು ಏನೂ ಕಲಿತಿಲ್ಲವೆಂದು ಭಾವಿಸತಕ್ಕದ್ದು.”

ಬಂದ್ ಆದ ದಿನ ಅದೇ ಆಯಿತು. ಝೀಟಾ ಸ್ಕೂಟರಿನಲ್ಲಿ ಬಂದು, ಅರ್ಧ ಇಟ್ಟ ಕಲ್ಲಿನ ಎದುರೇ ಭಾಗವ್ವನ ಕರಣೆ ತೆಗೆದುಕೊಂಡರು. ಭಾಗವ್ವ ಅತ್ತುಬಿಟ್ಟಳು. “ಅಳಬೇಡಿ ಮಾರಾಯ್ರೆ, ನಾಳೆ ಬಸ್ಸು ಉಂಟು,” ಎಂದು ಝೀಟಾ ಸಮಾಧಾನ ಹೇಳಿದರು. ಮರುದಿನ ಬಸ್ಸು ಬಂತು, ಕರಣೆಯೂ ಬಂತು.

ಈಗ ಯಾರಿಗೂ ತಕರಾರಿಲ್ಲ. ಜೋಕಿಮ್ ಅವರು ದುಬೈಯಿಂದ ಫೋನು ಮಾಡಿದರೆ ಗೋಡೆ ಎಷ್ಟಾಯಿತೆಂದು ಕೇಳುವುದಿಲ್ಲ, ಬಸ್ಸು ಉಂಟಾ ಎಂದು ಕೇಳುತ್ತಾರೆ. ಭಾಗವ್ವ ಬೆಳಿಗ್ಗೆ ಎದ್ದವಳೇ ಮೊದಲು ರಸ್ತೆಗೆ ಬಂದು ಕಿವಿಗೊಡುತ್ತಾಳೆ. ಹಾರ್ನ್ ಕೇಳಿದರೆ ಅವಳು ಮೇಸ್ತ್ರಿ. ಕೇಳದಿದ್ದರೆ ಯಾರೂ ಹೇಳದೆಯೇ ಹೋಗಿ ಬುಟ್ಟಿ ತೆಗೆದುಕೊಳ್ಳುತ್ತಾಳೆ.