ಉದ್ದಿನ ಟ್ಯಾಂಕು, ಅಕ್ಕಿ ಟ್ಯಾಂಕು

ಎರಡನೇ ಗುಂಡು ನೇರವಾಗಿ ಡೇವಿಡ್ಡನ ಬನಿಯನ್ನಿಗೆ ಬಡಿಯಿತು. ಪಚಕ್! ಬೆಳ್ಳಗೆ, ತಣ್ಣಗೆ, ಅಂಗೈಯಗಲದ ಉದ್ದಿನ ಹಿಟ್ಟು.

"ತಗುಲ್ತು! ತಗುಲ್ತು!" ಶ್ರೀಕಂಠ ಲುಂಗಿ ಎತ್ತಿಕಟ್ಟಿ ಬೀದಿಯಲ್ಲೇ ಕುಣಿದ. "ನೂರಿಪ್ಪತ್ತೈದು ಮಿಲಿಮೀಟರ್ ತೋಪು ಕಣ್ರೀ! ಈಗೇನಂತೀರಿ?"

"ನಿಂತ ಮನುಷ್ಯನಿಗೆ ಹೊಡೆಯೋದು ಒಂದು ಹೊಡೆತಾನಾ? ನನ್ನ ಟ್ಯಾಂಕಿಗೆ ಹೊಡೀರಿ ನೋಡೋಣ! ಜರ್ಮನ್ ಮಾಲು ಅದು!" ಎಂದ ಡೇವಿಡ್.

ಹಿತ್ತಲಲ್ಲಿ ಪಾತ್ರೆ ಬೆಳಗುತ್ತಿದ್ದ ಪಂಕಜಾಕ್ಷಿ ಮಸಿ ಕೈಯಲ್ಲೇ ಓಡಿಬಂದಳು. ಬಂದವಳು ಬಾಗಿಲಲ್ಲೇ ನಿಂತುಬಿಟ್ಟಳು. ಅಡುಗೆಮನೆಯಲ್ಲಿ ಗುರುಗುಟ್ಟುತ್ತ ರುಬ್ಬುತ್ತಿರಬೇಕಾಗಿದ್ದ ಅವಳ ಎರಡು ದೊಡ್ಡ ಗ್ರೈಂಡರುಗಳು ಬೀದಿಗಿಳಿದಿದ್ದವು. ಒಂದು, ಯಾರೋ ಮನೆ ಕಟ್ಟಲು ತಂದು ಸುರಿದಿದ್ದ ಮರಳಿನ ಗುಡ್ಡೆಯ ಹಿಂದೆ ತಲೆಯಷ್ಟೇ ಕಾಣುವಂತೆ ಅವಿತು ಕೂತಿತ್ತು. ಇನ್ನೊಂದು ಡೇವಿಡ್ಡನ ಗೇಟಿನ ಬಳಿ ಡ್ರಮ್ಮನ್ನು ಗೂಬೆಯ ಹಾಗೆ ಆ ಕಡೆ ಈ ಕಡೆ ತಿರುಗಿಸುತ್ತ ಗುರಿ ಹುಡುಕುತ್ತಿತ್ತು.

"ರೀ! ನನ್ನ ಗ್ರೈಂಡರ್‌ಗಳು ಬೀದೀಲೇನು ಮಾಡ್ತಿವೆ?"

"ಗ್ರೈಂಡರ್ ಅನ್ಬೇಡ ಪಂಕಜಾ, ಅವಕ್ಕೆ ಬೇಜಾರಾಗುತ್ತೆ. ಇದು ರಷ್ಯದ ಟ್ಯಾಂಕು, ಟಿ-ತೊಂಬತ್ತು. ಆ ಕಡೇದು ಜರ್ಮನ್ನರ ಲೆಪರ್ಡ್."

"ಇದು ಉದ್ದು! ಆ ಕಡೇದು ಅಕ್ಕಿ! ಇನ್ನೇನು ಚಿದಂಬರ ಭಟ್ಟರು ಬಂದುಬಿಡ್ತಾರೆ!"

ಅರಸೀಕೆರೆಯ ರೈಲ್ವೆ ಗೇಟಿನ ಹಿಂದಿನ ಆ ಬೀದಿಗೆಲ್ಲ ಇಡ್ಲಿ ಹಿಟ್ಟು ಪಂಕಜಾಕ್ಷಿಯದೇ. ಆದರೆ ಇವತ್ತಿನದು ಬೀದಿಯ ಹಿಟ್ಟಲ್ಲ, ಛತ್ರದ ಹಿಟ್ಟು. ಬೆಳಗ್ಗೆ ಮದುವೆ. ಅಡುಗೆ ಕಂಟ್ರಾಕ್ಟರ್ ಚಿದಂಬರ ಭಟ್ಟರು ಸಂಜೆ ತಾವೇ ಟೆಂಪೋ ತಂದು ಕೊಪ್ಪರಿಗೆ ತುಂಬಿಕೊಂಡು ಹೋಗುತ್ತೇನೆ ಎಂದಿದ್ದರು. ಹಿಟ್ಟು ಒಪ್ಪಿದರೆ ಈ ಲಗ್ನದ ಕಾಲವೆಲ್ಲ ಅವಳದೇ ಹಿಟ್ಟು. ಒಪ್ಪದಿದ್ದರೆ ಪ್ಯಾಕೆಟ್ಟಿನ ಹಿಟ್ಟು. ಅದನ್ನು ನೆನೆದರೇ ಅವಳಿಗೆ ಮೈ ಉರಿಯುತ್ತಿತ್ತು.

ಇಷ್ಟಕ್ಕೆಲ್ಲ ಕಾರಣ ಜಗಲಿಯ ಮೇಲಿದ್ದ ಹಳೇ ರೇಡಿಯೋ ಪೆಟ್ಟಿಗೆ. ಶ್ರೀಕಂಠ ಸೈನ್ಯದ ವರ್ಕ್‌ಶಾಪಿನಲ್ಲಿ ಟ್ಯಾಂಕು ರಿಪೇರಿ ಮಾಡಿ ನಿವೃತ್ತನಾದವನು. ಎದುರುಮನೆಯ ಡೇವಿಡ್ ಪ್ರಸನ್ನ ರೈಲ್ವೆ ಗಾರ್ಡ್ ಆಗಿದ್ದವನು. ಮಿಲಿಟರಿ ಸ್ಪೆಷಲ್ ರೈಲುಗಳಲ್ಲಿ ಟ್ಯಾಂಕುಗಳನ್ನು ಸಾಗಿಸಿದವನಾದ್ದರಿಂದ, ವ್ಯಾಗನ್ ಮೇಲೆ ಅದು ಹೇಗೆ ಕೂರುತ್ತದೆ ಎಂಬುದರಲ್ಲೇ ಅದರ ಯೋಗ್ಯತೆ ಅಳೆಯುವವನು. ಯಾವ ಟ್ಯಾಂಕು ಮೇಲು ಎಂದು ಇಬ್ಬರಿಗೂ ದಿನಾ ಸಂಜೆ ಜಗಳ. ಅದನ್ನು ಒಂದೇ ಸಲಕ್ಕೆ ತೀರಿಸಿಬಿಡೋಣ ಎಂದು ಶ್ರೀಕಂಠ ಆ ಪೆಟ್ಟಿಗೆಯೊಳಗೆ ಕೂರಿಸಿದ್ದೇ ಈ ಸ್ವಭಾವಯಂತ್ರ. ಟ್ಯಾಂಕಿನ ಗುಣಾವಗುಣಗಳನ್ನೆಲ್ಲ ಅದಕ್ಕೆ ಊಡಿಸಿದರೆ ಸಾಕು, ಹತ್ತಿರದಲ್ಲಿರುವ ಮೋಟಾರಿಗೆ ಆ ಟ್ಯಾಂಕಿನ ಸ್ವಭಾವ ಬಂದುಬಿಡುತ್ತದೆ! ಗ್ರೈಂಡರುಗಳಿಗೆ ತೊಳೆಯಲು ಎಳೆಯುವುದಕ್ಕೆಂದು ಚಕ್ರಗಳಿದ್ದವು, ಕರೆಂಟು ಹೋದಾಗಲೂ ರುಬ್ಬಲಿ ಎಂದು ಬ್ಯಾಟರಿ ಇತ್ತು. ಇನ್ನೇನು ಬೇಕು ಯುದ್ಧಕ್ಕೆ?

"ಆಫ್ ಮಾಡಿ!"

"ಆಫ್ ಗುಂಡಿ ಇಟ್ಟಿಲ್ಲ."

"ಇಟ್ಟಿಲ್ವಾ?"

"ನಡುವೆ ನಿಲ್ಲಿಸಿದ್ರೆ ಫಲಿತಾಂಶ ಹೇಗೆ ಬರುತ್ತೆ ಪಂಕಜಾ? ಸ್ವಲ್ಪ ವೈಜ್ಞಾನಿಕವಾಗಿ ಯೋಚನೆ ಮಾಡು."

ರೇಡಿಯೋ ಕೆಮ್ಮಿತು. ವಾರ್ತೆ ಓದುವವರ ಗಂಭೀರ ಧ್ವನಿಯಲ್ಲಿ, "ಲೆಪರ್ಡ್ ಮುನ್ನುಗ್ಗುತ್ತಿದೆ. ನಾಗರಿಕರು ಒಳಗಿರಬೇಕಾಗಿ ವಿನಂತಿ" ಎಂದಿತು.

ಅಕ್ಕಿ ಗ್ರೈಂಡರ್ ನುಗ್ಗಿಯೇ ಬಂತು! ಆ ಬೀದಿಯ ಗುಂಡಿಗಳ ಮೇಲೆ ಚಕ್ರ ಕುಪ್ಪಳಿಸುತ್ತಿದ್ದರೂ ಡ್ರಮ್ಮು ಮಾತ್ರ ಅಲುಗಲಿಲ್ಲ, ಒಂದು ತೊಟ್ಟು ಹಿಟ್ಟು ಚೆಲ್ಲಲಿಲ್ಲ. ಕ್ಷಣಕಾಲ ಪಂಕಜಾಕ್ಷಿಗೂ ಹೊಟ್ಟೆಕಿಚ್ಚಾಯಿತು. ಅಡುಗೆಮನೆಯಲ್ಲಿ ಅದನ್ನು ಒಂದು ಗೇಣು ಸರಿಸಿದರೂ ನೆಲವೆಲ್ಲ ಒರೆಸಬೇಕಿತ್ತು.

"ಓಡ್ತಾ ಓಡ್ತಾ ಹೊಡೆಯುತ್ತೆ ನೋಡಿ!" ಡೇವಿಡ್ ಕೂಗಿದ.

ಹೊಡೆಯಿತು. ಅಕ್ಕಿ ಹಿಟ್ಟಿನ ಗುಂಡು ಸುಯ್ಯೆಂದು ಹೋಗಿ ಮರಳಿನ ಗುಡ್ಡೆಯ ತಲೆ ಹಾರಿಸಿತು. ಆಮೇಲೆ ಗ್ರೈಂಡರ್ ಡೇವಿಡ್ಡನ ಪಕ್ಕಕ್ಕೆ ಬಂದು ಮುಚ್ಚಳ ತೆರೆದು ಸುಮ್ಮನೆ ನಿಂತಿತು.

"ಯಾಕ್ರೀ ನಿಂತ್ಕೊಳ್ತು?" ಎಂದ ಡೇವಿಡ್.

"ಗುಂಡು ತುಂಬೋ ಆಳಿಗೆ ಕಾಯ್ತಿದೆ," ಎಂದು ಶ್ರೀಕಂಠ ನಕ್ಕ. "ಜರ್ಮನ್ನರದು ಕೈಯಲ್ಲಿ ತುಂಬೋದು. ನಮ್ಮದು ನೋಡಿ, ತಾನೇ ತುಂಬ್ಕೊಳ್ಳುತ್ತೆ. ಟಕ್, ಟಕ್!"

"ಮಿಷನ್ನು ಕೆಟ್ಟೀತು, ಮನುಷ್ಯ ಕೆಡಲ್ಲ ರೀ!" ಎಂದ ಡೇವಿಡ್ ಪಂಕಜಾಕ್ಷಿಯ ಸೌಟನ್ನೇ ಹಿಡಿದು, ತಳದಲ್ಲಿದ್ದ ಹಿಟ್ಟನ್ನು ಬಾಚಿ ಬಾಚಿ ತೋಪಿನ ಬಾಯಿಗೆ ಹಾಕತೊಡಗಿದ. ಹೊಟ್ಟೆ ಕುಣಿಯಿತು, ಕನ್ನಡಕ ಜಾರಿತು, ಮೂರನೆಯ ಸೌಟಿಗೇ ಏದುಸಿರು ಬಂತು.

ಇದೇ ಸಮಯವೆಂದು ಪಂಕಜಾಕ್ಷಿ ಉದ್ದಿನ ಗ್ರೈಂಡರಿನ ಕಂಠ ತಬ್ಬಿ ಹಿಡಿದಳು. ಅದು ಅವಳನ್ನೂ ಎಳೆದುಕೊಂಡು ಮುಂದಕ್ಕೆ ನುಗ್ಗಿ ಚರಂಡಿಯ ಅಂಚಿಗೆ ಬಂದು ನಿಂತಿತು. ಮುಂದಿನ ಚಕ್ರ ಗಾಳಿಯಲ್ಲಿ!

"ಹಿಂದಕ್ಕೆ ತಗೊಳ್ರೀ! ಉದ್ದೆಲ್ಲ ಚರಂಡಿ ಪಾಲಾಗುತ್ತೆ!"

"ಬರ್ತಿದೆ, ಬರ್ತಿದೆ."

"ಎಲ್ಲಿ ಬರ್ತಿದೆ?"

"ಅದರ ರಿವರ್ಸೇ ಅಷ್ಟು. ನಡ್ಕೊಂಡು ಹೋಗೋನು ದಾಟಿ ಹೋಗಬಹುದು." ಶ್ರೀಕಂಠನ ಮುಖ ಸಣ್ಣಗಾಯಿತು. "ಅದೊಂದು ಸಣ್ಣ ದೋಷ."

"ರಿವರ್ಸ್ ಅಂದ್ರೆ ಇದು!" ಡೇವಿಡ್ ಹಳೇ ಅಭ್ಯಾಸದಂತೆ ಹಸಿರು ಟವೆಲು ಬೀಸಿದ. ಲೆಪರ್ಡ್ ಬಾಣದಂತೆ ಹಿಂದಕ್ಕೆ ಹಾರಿತು. ಗೇಟು ದಾಟಿತು, ಹೊಸ್ತಿಲು ದಾಟಿತು, ನಡುಮನೆ ದಾಟಿತು. ಒಳಗಿನಿಂದ ಏನೋ ಉರುಳಿದ ಸದ್ದು, ಹಿಂದೆಯೇ ಅವನ ಹೆಂಡತಿ ಸ್ಟೆಲ್ಲಾಳ ಕೂಗು:

"ಡೇವಿಡ್! ಮೀನಿನ ಸಾರು!"

ಹಿತ್ತಲ ಬಾಗಿಲಿಂದ ಹೊರಬಿದ್ದು, ಸುತ್ತು ಹಾಕಿ ಮತ್ತೆ ಬೀದಿಗೆ ಬಂದಾಗ ಗ್ರೈಂಡರ್ ಸ್ಟೆಲ್ಲಾಳ ಹೂವಿನ ಪರದೆ ಹೊದ್ದುಕೊಂಡಿತ್ತು.

"ಮರೆಮಾಚುವಿಕೆ ಅತ್ಯುತ್ತಮ," ಎಂದಿತು ರೇಡಿಯೋ.

"ಒಳಗೆ ಸಾರು ಬಿತ್ತಾ ಸ್ಟೆಲ್ಲಾ? ಅಕ್ಕಿಗೇನಾದ್ರೂ ಬಿತ್ತಾ?" ಪಂಕಜಾಕ್ಷಿ ಕೂಗಿ ಕೇಳಿದಳು.

"ಇಲ್ಲ ಕಣೇ, ನನ್ನ ತಲೆ ಮೇಲೆ ಬಿತ್ತು!"

ಅಷ್ಟರಲ್ಲಿ ಬೀದಿಯ ತುದಿಯಲ್ಲಿ ಹಾರ್ನ್ ಕೇಳಿಸಿತು. ಚಿದಂಬರ ಭಟ್ಟರ ಟೆಂಪೋ! ಹಿಂದೆ ಬಾಯಿ ತೆರೆದು ಕೂತ ಹಿತ್ತಾಳೆಯ ಕೊಪ್ಪರಿಗೆ, ಮುಂದೆ ಸ್ಟಿಯರಿಂಗು ಹಿಡಿದ ಭಟ್ಟರು, ಹಣೆಯ ಮೇಲೆ ಗಂಧ.

"ಹೊಸ ಎಂಜಿನ್ ಪತ್ತೆಯಾಗಿದೆ," ಎಂದಿತು ರೇಡಿಯೋ. "ಅಮೆರಿಕದ ಏಬ್ರಮ್ಸ್ ಟ್ಯಾಂಕಿನ ಸ್ವಭಾವ ನೀಡಲಾಗುತ್ತಿದೆ."

"ಅಯ್ಯೋ ಬೇಡ!" ಈ ಸಲ ಶ್ರೀಕಂಠನೇ ಕಿರುಚಿದ.

ಟೆಂಪೋದ ಎಂಜಿನ್ನು ಕೆಮ್ಮು ಬಿಟ್ಟು ವಿಮಾನದ ಹಾಗೆ ಶಿಳ್ಳೆ ಹಾಕಿತು. ಕಸದ ತೊಟ್ಟಿ, ಸೈಕಲ್ಲು, ಮರಳಿನ ಗುಡ್ಡೆ ಯಾವುದನ್ನೂ ಲೆಕ್ಕಿಸದೆ ತುಳಿದುಕೊಂಡು ಬಂತು.

"ಬ್ರೇಕಿನ ಮೇಲೇ ನಿಂತಿದ್ದೀನಿ ಅಮ್ಮಾ!" ಭಟ್ಟರು ಕೂಗಿದರು. "ನಿಲ್ತಾನೇ ಇಲ್ಲ! ಅಯ್ಯಯ್ಯೋ, ಡೀಸೆಲ್ ಮುಳ್ಳು ಇಳೀತಿದೆ! ಈಗ ತಾನೇ ಪೂರ್ತಿ ತುಂಬಿಸಿದ್ದೆ!"

"ಅದರ ದಾಹ ಹಾಗೇ ಸ್ವಾಮೀ," ಶ್ರೀಕಂಠ ಓಡುತ್ತಲೇ ವಿವರಿಸಿದ. "ಸುಮ್ನೆ ನಿಂತಿದ್ರೂ ಕುಡಿಯುತ್ತೆ!"

ಎರಡು ಗ್ರೈಂಡರುಗಳ ನಟ್ಟನಡುವೆ ಬಂದು ಟೆಂಪೋ ಶಿಳ್ಳೆ ನಿಲ್ಲಿಸಿ, ಉಸಿರು ಕಟ್ಟಿ ನಿಂತಿತು. ಡೀಸೆಲ್ ಖಾಲಿ. ಚರಂಡಿಯ ಅಂಚಿನಿಂದ ಅಂತೂ ಹಿಂದೆ ಸರಿದಿದ್ದ ಒಂದು ಡ್ರಮ್ಮು ತಿರುಗಿತು. ಹೂವಿನ ಪರದೆಯ ಒಳಗಿಂದ ಇನ್ನೊಂದು ತಿರುಗಿತು.

"ಭಟ್ಟರೇ, ಬಗ್ಗಿ!"

ಭಟ್ಟರು ಬಗ್ಗಿದರು. ಒಂದು ಕಡೆಯಿಂದ ಉದ್ದು, ಇನ್ನೊಂದು ಕಡೆಯಿಂದ ಅಕ್ಕಿ! ಒಂದರ ಹಿಂದೊಂದು ಗುಂಡು, ಆಕಾಶದಲ್ಲೇ ಡಿಕ್ಕಿ, ಎಲ್ಲ ಬಂದು ಬಿದ್ದದ್ದು ಕೊಪ್ಪರಿಗೆಗೆ! ದಬ್, ದಬ್, ದಬ್! ಡೇವಿಡ್ ಸೌಟು ಬಿಟ್ಟು ಬೊಗಸೆಯಲ್ಲೇ ತುಂಬಿದ. ಸ್ಟೆಲ್ಲಾ ತಲೆಯ ಮೀನು ತೆಗೆದು ಚಪ್ಪಾಳೆ ತಟ್ಟಿದಳು. ಉದ್ದಿನ ಕೊನೆಯ ಗುಂಡು ಹಾರಿತು, ಅಕ್ಕಿಯ ಕೊನೆಯ ಗುಂಡು ಹಾರಿತು, ಎರಡೂ ಗ್ರೈಂಡರುಗಳು ಬರಿದೇ ಗಡಗಡ ಎಂದು ನಿಂತವು.

"ಫಲಿತಾಂಶ," ಎಂದಿತು ರೇಡಿಯೋ. "ಟಿ-ತೊಂಬತ್ತರ ಮದ್ದುಗುಂಡು ಮುಗಿದಿದೆ. ಲೆಪರ್ಡಿನ ಆಳು ಸುಸ್ತಾಗಿದ್ದಾನೆ. ಏಬ್ರಮ್ಸಿಗೆ ಡೀಸೆಲ್ ಇಲ್ಲ. ವಿಜೇತರು ಯಾರೆಂದು ನಿರ್ಧಾರವಾಗಿಲ್ಲ. ಮರುಯುದ್ಧ ಅಗತ್ಯ."

ಭಟ್ಟರು ಮೆಲ್ಲಗೆ ಎದ್ದು ಟೆಂಪೋದ ಹಿಂಭಾಗಕ್ಕೆ ಹತ್ತಿದರು. ಕೊಪ್ಪರಿಗೆ ಕಂಠಮಟ್ಟ ತುಂಬಿತ್ತು. ಹತ್ತಿಯಂಥ ಬಿಳುಪು, ಮೇಲೆಲ್ಲ ಗುಳ್ಳೆ. ಅವರು ಬೆರಳು ಅದ್ದಿದರು, ಉಜ್ಜಿ ನೋಡಿದರು, ಒಂದು ಚಿಟಿಕೆ ನೀರಿನ ಬಟ್ಟಲಿಗೆ ಬಿಟ್ಟರು. ತೇಲಿತು.

"ಅಮ್ಮಾ!" ಭಟ್ಟರ ಕಣ್ಣು ತುಂಬಿತು. "ಇಷ್ಟು ವರ್ಷ ಸೌಟು ಹಿಡಿದೆ, ಇಂಥ ಹಗುರ ಹಿಟ್ಟು ಕಂಡಿಲ್ಲ! ಗಾಳಿಯಲ್ಲಿ ಹಾರಿ ಬಂದು ಬೆರೆತ ಹಿಟ್ಟು ಇದು! ಈ ಲಗ್ನದ ಕಾಲವೆಲ್ಲ ನಿಮ್ಮದೇ. ಮುಂದಿನದೂ ನಿಮ್ಮದೇ. ಆದರೆ ಒಂದು ಮಾತು. ಪ್ರತಿ ಸಲವೂ ಇದೇ ರೀತಿ ಆಗ್ಬೇಕು."

"ಆಗುತ್ತೆ ಸ್ವಾಮೀ!" ಶ್ರೀಕಂಠ ಕುಣಿದಾಡಿದ. "ಮುಂದಿನ ಸಲ ಚಾಲೆಂಜರ್! ಬ್ರಿಟಿಷರದು. ಒಳಗೇ ಚಹಾ ಕಾಯಿಸೋ ಪಾತ್ರೆ ಇರುತ್ತೆ!"

"ನಾನು ಆಳಾಗಿ ಬರ್ತೀನಿ!" ಎಂದ ಡೇವಿಡ್, ಕೈ ಮೇಲೆತ್ತಲು ಆಗದೆ.

"ನನ್ನ ಪರದೇನ ಯುದ್ಧ ಮುಗಿದ ಮೇಲೆ ಒಗೆದು ಕೊಡಿ," ಎಂದಳು ಸ್ಟೆಲ್ಲಾ. ಅವಳೂ ಒಪ್ಪಿದಂತೆಯೇ.

ಎಲ್ಲರೂ ಪಂಕಜಾಕ್ಷಿಯ ಕಡೆ ತಿರುಗಿದರು. ಗ್ರೈಂಡರುಗಳೂ ತಿರುಗಿದವು. ಅವಳು ಒಳಗೆ ಹೋಗಿ ಮಸಿ ಕೈ ತೊಳೆದು ಉಪ್ಪಿನ ಡಬ್ಬಿ ತಂದಳು, ಟೆಂಪೋ ಹತ್ತಿದಳು, ಕೊಪ್ಪರಿಗೆಗೆ ಉಪ್ಪು ಸುರಿದು ಮೊಣಕೈವರೆಗೂ ಕೈಯಿಳಿಸಿ ಒಂದು ಸುತ್ತು ಕಲಸಿದಳು.

"ಏನಂತೀರಮ್ಮಾ, ಪ್ರತಿ ಸಲ ಹೀಗೇ ಆಗುತ್ತಾ?" ಎಂದರು ಭಟ್ಟರು.

"ಆಗಲ್ಲ," ಎಂದಳು ಪಂಕಜಾಕ್ಷಿ.